ಜೇವರ್ಗಿ ಅಂತ ಸರಿಯಾಗಿ ಬರೆಯುವ ಟೂಲ್‌ಕಿಟ್ ಯಾವುದು? ಟಿಕೆ, ಜಿಟಿಕೆ, ಕ್ಯೂಟಿ, ಡಬ್ಲ್ಯೂಎಕ್ಸ್ – ಕಲಿಯುವವರಿಗೆ ಒಂದು ಹೋಲಿಕೆ

ಕಲಬುರಗಿಯ ನೆಹರು ಗಂಜ್‌ನಲ್ಲಿ ನಮ್ಮ ಕಾಕಾನ ಅಡತಿ ಅಂಗಡಿ ಇದೆ. ತೊಗರಿ ಸುಗ್ಗಿಯಲ್ಲಿ ಅಲ್ಲಿ ಉಸಿರು ಬಿಡಲಿಕ್ಕೂ ಪುರುಸೊತ್ತು ಇರುವುದಿಲ್ಲ. ಯಾವ ಊರಿನ ರೈತ, ಎಷ್ಟು ಚೀಲ, ಎಷ್ಟು ತೂಕ, ಹಮಾಲಿ ಎಷ್ಟು – ಎಲ್ಲ ಬರೆದು ಸಂಜೆಯೊಳಗೆ ಪಟ್ಟಿ ಕೊಡಬೇಕು. ಇದಕ್ಕೊಂದು ಸಣ್ಣ ಪ್ರೋಗ್ರಾಂ ಮಾಡಿಕೊಡುತ್ತೇನೆ ಅಂತ ನಾನೇ ಮುಂದೆ ಬಂದೆ. ಪೈಥಾನ್ ಬರುತ್ತಿತ್ತು. ಅದರ ಜೊತೆಗೇ ಬರುವ ಟಿಕಿಂಟರ್ ಹಿಡಿದು ಹತ್ತು ದಿನದಲ್ಲಿ ಮುಗಿಸಿದೆ. ಪ್ರೋಗ್ರಾಂಗೆ ಬೇಕಾದ ಕಿಟಕಿ, ಬಟನ್, ಕೋಷ್ಟಕಗಳನ್ನು ಸಿದ್ಧವಾಗಿ ಕೊಡುವ ಇಂಥ ಸಾಮಗ್ರಿಗೆ ಟೂಲ್‌ಕಿಟ್ ಅನ್ನುತ್ತಾರೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಲಿನಕ್ಸ್ ಇದೆ. ಊರಿನ ಹೆಸರುಗಳನ್ನು ಕನ್ನಡದಲ್ಲಿ ತುಂಬಿ ಮುನೀಮರಿಗೆ ತೋರಿಸಿದೆ.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. 'ತಮ್ಮಾ, ಇದೇನ್ ಬರದದ? ನಮ್ಮ ಜೇವರ್ಗಿ ಹಿಂಗ ಇರ್ತದೇನು?' ಅಂದರು.

ಪರದೆಯ ಮೇಲೆ 'ಜೇವ' ಆದಮೇಲೆ ಒಂದು ರ, ಅದರ ಪಕ್ಕ ಒಂಟಿ ಕೊಂಬಿನಂಥ ಗುರುತು, ಆಮೇಲೆ ಗ, ಅದರಾಚೆ ಗುಡಿಸು. ಅರ್ಕಾವತ್ತು ಎಲ್ಲೂ ಇರಲಿಲ್ಲ. ಚಿತ್ತಾಪುರದ ಒತ್ತು ಕೆಳಗೆ ಇಳಿದಿರಲಿಲ್ಲ. ಬಸವಕಲ್ಯಾಣದ ಯ-ಒತ್ತು ಬಿಡಿಯಾಗಿ ನಿಂತಿತ್ತು.

ಹತ್ತು ದಿನದ ಕೆಲಸ ಹೋಯಿತು. ಆಮೇಲೆ ನಾಲ್ಕು ಟೂಲ್‌ಕಿಟ್‌ಗಳಲ್ಲಿ ಅದೇ ಪಟ್ಟಿಯ ಪ್ರೋಗ್ರಾಂ ಬರೆದು ನೋಡಿದೆ. ಈ ಬರಹ ಅದರಿಂದ ಹುಟ್ಟಿದ್ದು. ನಮ್ಮ ಕಡೆಯ ಕಾಲೇಜುಗಳಲ್ಲಿ ಓದುತ್ತಾ, ಅಥವಾ ಓದು ಮುಗಿಸಿ ಮನೆಯಲ್ಲೇ ಕುಳಿತು ಒಬ್ಬರೇ ಕಲಿಯುವವರಿಗೆ ಇದು ದಾರಿ ಉಳಿಸಬಹುದು.

ನಾನು ಯಾವುದನ್ನು ನೋಡಿ ಅಳೆದೆ

ವೇಗ, ಚಂದ, ಯಾವ ಕಂಪನಿ ಬಳಸುತ್ತದೆ ಎಂಬುದನ್ನೆಲ್ಲ ಬಿಟ್ಟೆ. ಇವು ನಾಲ್ಕೂ ಪಟ್ಟಿ ಬರೆಯುವಷ್ಟು ಕೆಲಸವನ್ನು ಆರಾಮಾಗಿ ಮಾಡುತ್ತವೆ. ನಾನು ನೋಡಿದ್ದು ಎರಡೇ. ಒಂದು, ಕನ್ನಡ ಸರಿಯಾಗಿ ಮೂಡುತ್ತದೆಯೇ. ಎರಡು, ಎರಡನೇ ವಾರ ಸಿಕ್ಕಿಹಾಕಿಕೊಂಡಾಗ ಅದರ ದಾಖಲೆಗಳು, ಅಂದರೆ ಬಳಸುವ ಬಗೆ ಹೇಳುವ ಪುಟಗಳು, ಕೈಹಿಡಿಯುತ್ತವೆಯೇ.

ಮೊದಲನೇ ವಾರ ಎಲ್ಲವೂ ಸುಲಭ. ಒಂದು ಬಟನ್, ಒಂದು ಕಿಟಕಿ, ನಮಸ್ಕಾರ ಅಂತ ಬರೆಯುವುದು. ಎರಡನೇ ವಾರ ಒಂದು ಕೋಷ್ಟಕ ಬೇಕಾಗುತ್ತದೆ. ಅದರಲ್ಲಿ ಮೂರನೇ ಕಾಲಂ ಮಾತ್ರ ಬಲಕ್ಕೆ ಒತ್ತಿ ಬರಬೇಕು. ಎಂಟರ್ ಒತ್ತಿದರೆ ಮುಂದಿನ ಖಾನೆಗೆ ಹೋಗಬೇಕು. ಕೇಳಲಿಕ್ಕೆ ಪಕ್ಕದಲ್ಲಿ ಯಾರೂ ಇಲ್ಲ. ಆಗ ಉಳಿಯುವುದು ದಾಖಲೆ ಒಂದೇ. ನಾನು ನೆಟ್ ಇಲ್ಲದ ಹೊತ್ತಿಗೂ ಓದಲು ಬರುತ್ತದೆಯೇ ಅಂತ ಸಹ ನೋಡಿದೆ. ಬೇಸಿಗೆಯಲ್ಲಿ ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ, ಲ್ಯಾಪ್‌ಟಾಪ್ ಮಾತ್ರ ಎರಡು ತಾಸು ಇರುತ್ತದೆ ಅಲ್ವಾ?

ಬ್ರೌಸರ್ ಒಳಗೇ ಮಾಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಹಾಗೆ ಮಾಡಿಕೊಡುವ ಎಲೆಕ್ಟ್ರಾನ್ ಬಳಸಿದರೆ ಪ್ರತಿ ಪ್ರೋಗ್ರಾಂ ಜೊತೆಗೂ ಕ್ರೋಮಿಯಂ ಎಂಬ ಬ್ರೌಸರ್ ಒಂದನ್ನು ಇಡಿಯಾಗಿ ಹೊತ್ತುಕೊಂಡು ಬರಬೇಕು. ಅಂಗಡಿಯ ಕಂಪ್ಯೂಟರ್‌ನಲ್ಲಿ 4 ಜಿಬಿ ರ‍್ಯಾಮ್ ಇದೆ. ಆದ್ದರಿಂದ ಬ್ರೌಸರ್ ಬೇಡದ ನೇಟಿವ್ ಟೂಲ್‌ಕಿಟ್‌ಗಳನ್ನೇ ಹಿಡಿದೆ.

ಕನ್ನಡ ಯಾಕೆ ಒಡೆಯಿತು

ಇದನ್ನು ಒಮ್ಮೆ ತಿಳಿದುಕೊಂಡರೆ ಯಾವ ಟೂಲ್‌ಕಿಟ್ ಬಂದರೂ ನೀವೇ ಪರೀಕ್ಷೆ ಮಾಡಬಹುದು. ಯೂನಿಕೋಡ್‌ನಲ್ಲಿ 'ರ್ಗಿ' ಎಂಬುದು ರ, ವಿರಾಮ, ಗ, ಗುಡಿಸು ಎಂಬ ನಾಲ್ಕು ಸಂಕೇತಗಳು. ಪರದೆಯ ಮೇಲೆ ಗ ಮತ್ತು ಗುಡಿಸು ಕೂಡಿ 'ಗಿ' ಆಗಬೇಕು, ಮೊದಲು ಬಂದ ರಕಾರ ಅದರ ಹಿಂದಕ್ಕೆ ಹೋಗಿ ಅರ್ಕಾವತ್ತು ಆಗಬೇಕು. ಬರೆದ ಸಾಲು ಒಂದು, ಕಾಣುವ ಸಾಲು ಇನ್ನೊಂದು. ಈ ಕೂಡಿಸುವ ಕೆಲಸವನ್ನು ಯಾರಾದರೂ ಮಾಡಲೇಬೇಕು. ಫಾಂಟ್ ಒಳಗೆ ನಿಯಮ ಇರುತ್ತದೆ. ಅದನ್ನು ಓದಿ ನಡೆಸುವ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಸಿದ್ಧ ಕೋಡ್, ಬೇರೆ.

ಓಪನ್ ಸೋರ್ಸ್ ಲೋಕದಲ್ಲಿ ಆ ಲೈಬ್ರರಿಯ ಹೆಸರು ಹರ್ಫ್‌ಬಜ್. ನಮ್ಮೂರಲ್ಲಿ ಉರ್ದು ಬಲ್ಲವರಿಗೆ ಹರ್ಫ್ ಎಂದರೆ ಅಕ್ಷರ ಅಂತ ಗೊತ್ತು. ಬಾಜ್ ಎಂದರೆ ಪಾರ್ಸಿಯಲ್ಲಿ ತೆರೆದದ್ದು. ಓಪನ್‌ಟೈಪ್ ಎಂಬ ಫಾಂಟ್ ಮಾದರಿಯ ಹೆಸರನ್ನೇ ಪಾರ್ಸಿಗೆ ತಿರುಗಿಸಿ ಇಟ್ಟ ಹೆಸರು ಅದು. ಟೂಲ್‌ಕಿಟ್ ಲಿನಕ್ಸ್‌ನಲ್ಲಿ ಹರ್ಫ್‌ಬಜ್ ಬಳಸುತ್ತದೆ ಎಂದರೆ ಕನ್ನಡ ಸರಿ ಬರುತ್ತದೆ.

ಹೊಸ ಟೂಲ್‌ಕಿಟ್ ಹಾಕಿದ ಕೂಡಲೇ ನಾನು ಮೂರು ಹೆಸರು ಟೈಪ್ ಮಾಡುತ್ತೇನೆ. ಜೇವರ್ಗಿ, ಚಿತ್ತಾಪುರ, ಬಸವಕಲ್ಯಾಣ. ಅರ್ಕಾವತ್ತು, ಒತ್ತು, ಯ-ಒತ್ತು ಮೂರೂ ತಿಳಿದುಹೋಗುತ್ತವೆ. ಆಮೇಲೆ ಕರ್ಸರ್ ಅನ್ನು ಒಂದೊಂದೇ ಅಕ್ಷರ ಹಿಂದೆ ಸರಿಸಿ, ಒಂದು ಅಳಿಸಿ ನೋಡುತ್ತೇನೆ. ತೋರಿಸುವುದು ಸರಿ ಇದ್ದು, ತಿದ್ದುವಾಗ ಕೆಡುವುದೂ ಉಂಟು.

ಟಿಕಿಂಟರ್: ಒಂದು ವಾರಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ

ಟಿಕೆ ಹುಟ್ಟಿದ್ದು 1991ರಲ್ಲಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ. ಜಾನ್ ಔಸ್ಟರ್‌ಹೌಟ್ ತಮ್ಮ ಟಿಸಿಎಲ್ ಭಾಷೆಗಾಗಿ ಮಾಡಿದ್ದು. ಪೈಥಾನ್ ಅದನ್ನು ಟಿಕಿಂಟರ್ ಎಂಬ ಹೆಸರಲ್ಲಿ ಒಳಗೇ ಇಟ್ಟುಕೊಂಡಿದೆ. ಶಾಲೆಯಲ್ಲಿ ಪೈಥಾನ್‌ನ ಟರ್ಟಲ್ ಬಳಸಿ ಚೌಕ, ನಕ್ಷತ್ರ ಬರೆದಿದ್ದರೆ ನೀವು ಆಗಲೇ ಟಿಕಿಂಟರ್ ಬಳಸಿದ್ದೀರಿ. ಪೈಥಾನ್ ಜೊತೆ ಬರುವ ಐಡಲ್ ಎಂಬ ಎಡಿಟರ್ ಕೂಡ ಅದರಲ್ಲೇ ಆಗಿದೆ. ಉಬುಂಟುನಲ್ಲಿ ಮಾತ್ರ ಪೈಥಾನ್3-ಟಿಕೆ ಎಂಬ ಪ್ಯಾಕೇಜ್ ಬೇರೆಯಾಗಿ ಹಾಕಿಕೊಳ್ಳಬೇಕು.

ದಾಖಲೆಯ ವಿಷಯಕ್ಕೆ ಬಂದರೆ ಇಲ್ಲೊಂದು ತೊಡಕಿದೆ. ಪೈಥಾನ್‌ನ ಅಧಿಕೃತ ಪುಟ ಎಲ್ಲವನ್ನೂ ಹೇಳುವುದಿಲ್ಲ. ಪೂರ್ತಿ ವಿವರ ಇರುವುದು ಟಿಕೆಯ ಮೂಲ ಕೈಪಿಡಿ ಪುಟಗಳಲ್ಲಿ. ಅವು ಟಿಸಿಎಲ್ ಬರಹದಲ್ಲಿವೆ. ಗಾಬರಿ ಬೇಡ. ಅಲ್ಲಿ ಅಡ್ಡಗೆರೆ ಹಾಕಿ ಬರೆದ ಪ್ರತಿ ಆಯ್ಕೆಯೂ ಪೈಥಾನ್‌ನಲ್ಲಿ ಹೆಸರು, ಸಮ ಚಿಹ್ನೆ, ಮೌಲ್ಯ ಆಗುತ್ತದೆ. ಇದೊಂದು ಗೊತ್ತಾದರೆ ಆ ಪುಟಗಳೆಲ್ಲ ನಿಮ್ಮವೇ. ಪಾಠದ ರೂಪದಲ್ಲಿ ಬೇಕಿದ್ದರೆ ಟಿಕೆಡಾಕ್ಸ್ ಚೆನ್ನಾಗಿದೆ. ಬಟನ್, ಖಾನೆ, ಕೋಷ್ಟಕದಂಥ ಕಿಟಕಿಯ ಬಿಡಿಭಾಗಗಳಿಗೆ ವಿಜೆಟ್ ಅನ್ನುತ್ತಾರೆ. ಅದು ಟಿಟಿಕೆ ಎಂಬ ಹೊಸ ಬಗೆಯ ವಿಜೆಟ್‌ಗಳಿಂದಲೇ ಶುರು ಮಾಡುತ್ತದೆ, ಹಾಗಾಗಿ ತೊಂಬತ್ತರ ದಶಕದ ಬೂದು ಬಟನ್‌ಗಳು ಬರುವುದಿಲ್ಲ.

ಕನ್ನಡಕ್ಕೆ? ಲಿನಕ್ಸ್‌ನಲ್ಲಿ ಟಿಕೆಯ 8.6 ಆವೃತ್ತಿ ಅಕ್ಷರ ಕೂಡಿಸುವುದಿಲ್ಲ. ನನಗಾದದ್ದು ಅದೇ. ಯಾವ ಫಾಂಟ್ ಹಾಕಿದರೂ ಸರಿಯಾಗುವುದಿಲ್ಲ, ಆ ಪ್ರಯತ್ನದಲ್ಲಿ ನಾನು ಒಂದಿಡೀ ರಾತ್ರಿ ಕಳೆದೆ. ವಿಂಡೋಸ್‌ನಲ್ಲಿ ಅಕ್ಷರ ಕೂಡಿಸುವುದು ವಿಂಡೋಸ್‌ನ ಕೆಲಸ, ಆದ್ದರಿಂದ ಅಲ್ಲಿ ಹೆಸರು ಸರಿ ಕಾಣುತ್ತದೆ. ಮುದ್ರಣಕ್ಕೂ 8.6ರಲ್ಲಿ ಸರಿಯಾದ ದಾರಿ ಇಲ್ಲ. ಪಟ್ಟಿ ಮುದ್ರಿಸಬೇಕಾದ ಅಂಗಡಿಗೆ ಇದು ದೊಡ್ಡ ಕೊರತೆ.

ಆದರೂ ಮೊದಲ ವಾರ ಟಿಕಿಂಟರ್‌ನಲ್ಲೇ ಕಳೆಯಿರಿ ಎನ್ನುತ್ತೇನೆ. ಕಿಟಕಿ ಪ್ರೋಗ್ರಾಂ ಯೋಚಿಸುವ ಬಗೆಯೇ ಬೇರೆ. ಅದು ಮೇಲಿಂದ ಕೆಳಗೆ ಓಡಿ ಮುಗಿಯುವುದಿಲ್ಲ, ಕಾಯುತ್ತಾ ಕೂರುತ್ತದೆ. ಮುನೀಮರು ಗಾದಿಯ ಮೇಲೆ ಕೂತ ಹಾಗೆ. ರೈತ ಬಂದರೆ ಅವನ ಲೆಕ್ಕ, ಹಮಾಲ ಬಂದರೆ ಅವನ ಕೂಲಿ, ಫೋನ್ ಬಂದರೆ ಅದಕ್ಕೆ ಉತ್ತರ. ಮುನೀಮರೇ ಎದ್ದು ಗೋದಾಮಿಗೆ ಹೋಗಿ ಸಾವಿರ ಚೀಲ ಎಣಿಸಲು ನಿಂತರೆ? ಬಂದವರೆಲ್ಲ ಸುಮ್ನೆ ನಿಲ್ಲಬೇಕು. ಪ್ರೋಗ್ರಾಂನ ಕಿಟಕಿ ಬೂದು ಬಣ್ಣಕ್ಕೆ ತಿರುಗಿ ನಿಂತುಬಿಡುವುದು ಇದಕ್ಕೇ. ಬಟನ್ ಒತ್ತಿದಾಗ ನೀವು ಉದ್ದನೆಯ ಕೆಲಸ ಕೊಟ್ಟಿದ್ದೀರಿ, ಕಾಯುವವರು ಯಾರೂ ಇಲ್ಲ. ಈ ಒಂದು ಪಾಠ ಟಿಕಿಂಟರ್‌ನಲ್ಲಿ ಕಲಿತರೆ ಉಳಿದ ಮೂರರಲ್ಲೂ ಬರುತ್ತದೆ.

ಜಿಟಿಕೆ: ಕನ್ನಡಕ್ಕೆ ನಂಬಿಕಸ್ಥ, ಹಳೆಯ ಪಾಠಗಳಿಂದ ಹುಷಾರು

ಜಿಟಿಕೆ ಶುರುವಾದದ್ದು ಗಿಂಪ್ ಎಂಬ ಚಿತ್ರ ತಿದ್ದುವ ಪ್ರೋಗ್ರಾಂಗಾಗಿ. ಗಿಂಪ್ ಕೂಡ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಮಾಡಿದ್ದು. ಈಗ ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್ ನಿಂತಿರುವುದು ಜಿಟಿಕೆಯ ಮೇಲೆ. ಅಕ್ಷರಗಳಿಗೆ ಪ್ಯಾಂಗೊ ಎಂಬ ಲೈಬ್ರರಿ ಇದೆ, ಅದರೊಳಗೆ ಹರ್ಫ್‌ಬಜ್. ನನ್ನ ಮೂರು ಹೆಸರುಗಳೂ ಮೊದಲ ಸಲಕ್ಕೇ ಸರಿ ಬಂದವು. ಕರ್ಸರ್ ಕೂಡ ಅಕ್ಷರದ ಮಧ್ಯದಲ್ಲಿ ಸಿಕ್ಕಿಕೊಳ್ಳಲಿಲ್ಲ. ಮುನೀಮರನ್ನು ಕರೆದು ತೋರಿಸಿದೆ. 'ಈಗ ನೋಡು, ಓದ್ಲಿಕ್ಕ ಬರ್ತದ' ಅಂದರು.

ಇದರ ದಾಖಲೆ ಹೇಗೆ ತಯಾರಾಗುತ್ತದೆ ಎಂದು ತಿಳಿದರೆ ಓದುವುದು ಸುಲಭ. ಜಿಟಿಕೆ ಬರೆದಿರುವುದು ಸಿ ಭಾಷೆಯಲ್ಲಿ. ಪ್ರತಿ ಫಂಕ್ಷನ್‌ನ ಮೇಲೆ, ಸೋರ್ಸ್ ಕೋಡ್ ಒಳಗೇ ಒಂದು ಟಿಪ್ಪಣಿ ಇರುತ್ತದೆ. ಯಾವ ಮೌಲ್ಯ ಖಾಲಿ ಇರಬಹುದು, ವಾಪಸು ಬಂದದ್ದು ಯಾರ ಸ್ವತ್ತು ಎಂಬುದನ್ನೂ ಅಲ್ಲೇ ಗುರುತು ಹಾಕಿರುತ್ತಾರೆ. ಆ ಗುರುತುಗಳನ್ನು ಓದಿ ಒಂದು ಕಡೆ ಜಿಐ-ಡಾಕ್‌ಜೆನ್ ಎಂಬ ಸಾಧನ ದಾಖಲೆ ಪುಟ ಮಾಡುತ್ತದೆ. ಇನ್ನೊಂದು ಕಡೆ ಅದೇ ಗುರುತುಗಳಿಂದ ಪೈಥಾನ್, ಜಾವಾಸ್ಕ್ರಿಪ್ಟ್ ಭಾಷೆಗಳಿಗೆ ಬಾಗಿಲು ತೆರೆಯುತ್ತದೆ. ಅಂದರೆ ಇಲ್ಲಿ ಟಿಪ್ಪಣಿ ತಪ್ಪಾದರೆ ಪ್ರೋಗ್ರಾಂ ಸಹ ತಪ್ಪುತ್ತದೆ. ದಾಖಲೆಗೆ ಇಷ್ಟು ಭಾರ ಕೊಟ್ಟ ಟೂಲ್‌ಕಿಟ್ ಇನ್ನೊಂದು ನಾನು ನೋಡಿಲ್ಲ, ನನಗೆ ಇದು ತುಂಬ ಹಿಡಿಸಿತು.

ಆದರೆ ಕಲಿಯುವವರಿಗೆ ಮೂರು ಕಷ್ಟಗಳಿವೆ. ಮುಖ್ಯ ದಾಖಲೆ ಸಿ ಭಾಷೆಯದು, ನೀವು ತಲೆಯಲ್ಲೇ ಪೈಥಾನ್‌ಗೆ ತಿರುಗಿಸಿಕೊಳ್ಳಬೇಕು. ಎರಡನೆಯದು, ಉಲ್ಲೇಖ ಪುಟಗಳು ಜಾಸ್ತಿ, ಹಂತ ಹಂತದ ಪಾಠ ಕಡಿಮೆ. ಮೂರನೆಯದೇ ದೊಡ್ಡದು. ಜಿಟಿಕೆ 4 ಬಂದದ್ದು 2020ರ ಡಿಸೆಂಬರ್‌ನಲ್ಲಿ. ಹುಡುಕಿದರೆ ಸಿಗುವ ಪಾಠಗಳಲ್ಲಿ ಬಹಳಷ್ಟು ಜಿಟಿಕೆ 3ರವು, ಕೆಲವು 2ರವು. ಮೂರರಲ್ಲಿ ಎಲ್ಲ ಕಡೆ ಬಳಸುತ್ತಿದ್ದ ಕಂಟೇನರ್ ಎಂಬ ಕ್ಲಾಸೇ ನಾಲ್ಕರಲ್ಲಿ ಇಲ್ಲ. ಎಲ್ಲವನ್ನೂ ಒಟ್ಟಿಗೆ ತೋರಿಸುವ ಶೋ-ಆಲ್ ಇಲ್ಲ. ಕೋಷ್ಟಕಕ್ಕೆ ಎಲ್ಲರೂ ಹೇಳುವ ಟ್ರೀವ್ಯೂ 4.10ರಿಂದ ಹಳತಾಯಿತು, ಈಗ ಕಾಲಂವ್ಯೂ ಕಲಿಯಬೇಕು. ನಾನು ಟ್ರೀವ್ಯೂನಲ್ಲಿ ಪಟ್ಟಿಯ ಕೋಷ್ಟಕ ಮುಗಿಸಿ, ಎಚ್ಚರಿಕೆ ಸಂದೇಶಗಳು ಬಂದಮೇಲೆ ಮತ್ತೆ ಬರೆದೆ. ಪಾಠ ಓದುವ ಮುಂಚೆ ಅದರ ಮೇಲೆ 4 ಎಂದು ಇದೆಯೇ ನೋಡಿ. ಇಲ್ಲದಿದ್ದರೆ ಮುಚ್ಚಿಬಿಡಿ.

ಇದಕ್ಕೆ ನನಗೆ ಸಿಕ್ಕ ಪರಿಹಾರ ಜಿಟಿಕೆ4-ಡೆಮೊ. ಉಬುಂಟುನಲ್ಲಿ ಜಿಟಿಕೆ-4-ಎಕ್ಸಾಂಪಲ್ಸ್ ಎಂಬ ಪ್ಯಾಕೇಜ್‌ನಲ್ಲಿದೆ. ಎಡಕ್ಕೆ ಉದಾಹರಣೆಗಳ ಪಟ್ಟಿ, ಒಂದನ್ನು ಒತ್ತಿದರೆ ಅದು ಓಡುತ್ತದೆ, ಪಕ್ಕದಲ್ಲೇ ಅದರ ಕೋಡ್. ನೆಟ್ ಬೇಕಿಲ್ಲ. ಡೆವ್‌ಹೆಲ್ಪ್ ಎಂಬ ದಾಖಲೆ ಓದುವ ಪ್ರೋಗ್ರಾಂ ಹಾಕಿಕೊಂಡರೆ ಉಲ್ಲೇಖ ಪುಟಗಳೂ ಲ್ಯಾಪ್‌ಟಾಪ್ ಒಳಗೇ ಸಿಗುತ್ತವೆ. ಇನ್ನೊಂದು ಜಿಟಿಕೆ ಇನ್‌ಸ್ಪೆಕ್ಟರ್. ಓಡುತ್ತಿರುವ ಪ್ರೋಗ್ರಾಂ ಮೇಲೆ ಕಂಟ್ರೋಲ್, ಶಿಫ್ಟ್, ಡಿ ಒತ್ತಿದರೆ ಅದರ ಒಳಗಿನ ಪ್ರತಿ ವಿಜೆಟ್ ಕಾಣುತ್ತದೆ. ಬೇರೆಯವರ ಪ್ರೋಗ್ರಾಂ ಒಳಗೆ ಇಣುಕಿ ನೋಡಿ ನಾನು ಕಲಿತದ್ದು ಪಾಠ ಓದಿ ಕಲಿತದ್ದಕ್ಕಿಂತ ಜಾಸ್ತಿ.

ವಿಂಡೋಸ್‌ನಲ್ಲಿ ಜಿಟಿಕೆ ಹಾಕುವುದು ಸುಲಭವಲ್ಲ. ಸಾಮಾನ್ಯವಾಗಿ ಎಂಎಸ್‌ವೈಎಸ್2 ಎಂಬ ಬೇರೆ ಸಾಧನದ ಮೂಲಕ ಹೋಗಬೇಕು. ಅಂಗಡಿಯ ಕಂಪ್ಯೂಟರ್ ವಿಂಡೋಸ್ ಆಗಿದ್ದರೆ ಇದನ್ನು ಬಿಡಿ.

ಕ್ಯೂಟಿ: ದಾಖಲೆ ಓದಲಿಕ್ಕಾದರೂ ಒಮ್ಮೆ ಹಾಕಿಕೊಳ್ಳಿ

ನಾರ್ವೆಯ ಟ್ರೋಲ್‌ಟೆಕ್ ಎಂಬ ಕಂಪನಿ 1995ರಲ್ಲಿ ಕ್ಯೂಟಿಯನ್ನು ಮೊದಲು ಹೊರಬಿಟ್ಟಿತು. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು. ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಕೆಡಿಇ ಇದರ ಮೇಲಿದೆ, ವಿಡಿಯೊ ನೋಡುವ ವಿಎಲ್‌ಸಿಯ ಕಿಟಕಿಯೂ ಇದರದ್ದೇ. 2008ರಲ್ಲಿ ನೋಕಿಯಾ ಕೊಂಡುಕೊಂಡಿತು, 2009ರಲ್ಲಿ ಎಲ್‌ಜಿಪಿಎಲ್ ಪರವಾನಗಿ ಬಂತು, ಅಂದರೆ ನಮ್ಮ ಕೋಡ್ ಬಿಚ್ಚಿಡದೆಯೂ ಬಳಸಬಹುದು. ಕ್ಯೂಟಿ 6 ಸಹ 2020ರ ಡಿಸೆಂಬರ್‌ನದೇ.

ಪೈಥಾನ್‌ನಿಂದ ಬಳಸಲು ಎರಡು ದಾರಿ. ಪೈಕ್ಯೂಟಿ ಮತ್ತು ಪೈಸೈಡ್. ಬರೆಯುವ ರೀತಿ ಹೆಚ್ಚುಕಡಿಮೆ ಒಂದೇ. ಪರವಾನಗಿ ಬೇರೆ. ಪೈಕ್ಯೂಟಿ ಜಿಪಿಎಲ್ (ಪ್ರೋಗ್ರಾಂ ಹಂಚಿದರೆ ನಮ್ಮ ಕೋಡೂ ಕೊಡಬೇಕು), ಅಥವಾ ದುಡ್ಡು ಕೊಟ್ಟು ಪಡೆಯುವುದು. ಪೈಸೈಡ್ ಎಲ್‌ಜಿಪಿಎಲ್. ನಿಮ್ಮ ಕೋಡ್ ಬಚ್ಚಿಟ್ಟು ಅಂಗಡಿಗಳಿಗೆ ಮಾರುವ ಯೋಚನೆ ಇದ್ದರೆ ಮೊದಲೇ ಪೈಸೈಡ್ ಹಿಡಿಯಿರಿ, ಆಮೇಲೆ ಬದಲಿಸುವುದು ಸುಮ್ನೆ ತಲೆನೋವು. ಪೂರ್ತಿ ಪೈಸೈಡ್6 ನೂರಕ್ಕೂ ಜಾಸ್ತಿ ಎಂಬಿ ಇದೆ. ಮೊಬೈಲ್ ಡೇಟಾದಲ್ಲಿ ಇಳಿಸುವವರು ಪೈಸೈಡ್6-ಎಸೆನ್ಷಿಯಲ್ಸ್ ಮಾತ್ರ ಹಾಕಿಕೊಳ್ಳಬಹುದು, ಕಲಿಯಲು ಅಷ್ಟು ಸಾಕು.

ಕನ್ನಡ? ಹರ್ಫ್‌ಬಜ್ ಕ್ಯೂಟಿಯ ಒಳಗೇ ಇದೆ. ಲಿನಕ್ಸ್, ವಿಂಡೋಸ್ ಎರಡರಲ್ಲೂ ಮೂರು ಹೆಸರು ಸರಿ. ಪಟ್ಟಿಯನ್ನು ಸರಳ ಎಚ್‌ಟಿಎಂಎಲ್‌ನಲ್ಲಿ ಬರೆದು ಕ್ಯೂಟಿಯ ಟೆಕ್ಸ್ಟ್‌ಡಾಕ್ಯುಮೆಂಟ್ ಎಂಬ ಕ್ಲಾಸ್‌ಗೆ ಕೊಟ್ಟರೆ, ಅದನ್ನೇ ಮುದ್ರಣಕ್ಕೂ ಪಿಡಿಎಫ್‌ಗೂ ಕಳಿಸಬಹುದು. ಜೇವರ್ಗಿ ಕಾಗದದ ಮೇಲೂ ಜೇವರ್ಗಿಯಾಗಿಯೇ ಬಂತು. ನನ್ನ ಮಟ್ಟಿಗೆ ತೀರ್ಮಾನ ಆದದ್ದು ಅಲ್ಲೇ.

ಇದರ ದಾಖಲೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಕ್ಯೂಡಾಕ್ ಎಂಬ ತಮ್ಮದೇ ಸಾಧನದಿಂದ ಮಾಡುತ್ತಾರೆ. ಪ್ರತಿ ಕ್ಲಾಸ್‌ನ ಪುಟದಲ್ಲಿ ಫಂಕ್ಷನ್‌ಗಳ ಪಟ್ಟಿಯಷ್ಟೇ ಅಲ್ಲದೆ ವಿವರವಾದ ಬರಹ ಇರುತ್ತದೆ. ಇದು ಯಾಕೆ ಇದೆ, ಯಾವಾಗ ಬಳಸಬಾರದು, ಇದರ ಬದಲು ಯಾವುದನ್ನು ನೋಡಬಹುದು, ಮಧ್ಯೆ ಒಂದು ತುಣುಕು ಕೋಡ್. ಕೋಷ್ಟಕ ಕಲಿಯಲು ಮಾಡೆಲ್ (ಒಳಗಿನ ಮಾಹಿತಿ) ಮತ್ತು ವ್ಯೂ (ಅದನ್ನು ತೋರಿಸುವ ಭಾಗ) ಬಗ್ಗೆಯೇ ಒಂದು ಉದ್ದನೆಯ ಪಾಠ ಇದೆ. ಕ್ಯೂಟಿ ಅಸಿಸ್ಟೆಂಟ್ ಎಂಬ ದಾಖಲೆ ಓದುವ ಪ್ರೋಗ್ರಾಂ ತೆರೆದರೆ ಎಲ್ಲವೂ ನೆಟ್ ಇಲ್ಲದೆ ಸಿಗುತ್ತದೆ. ಪೈಸೈಡ್‌ನ ಪೈಥಾನ್ ಪುಟಗಳು ಮಾತ್ರ ಅಷ್ಟು ಚೊಕ್ಕ ಇಲ್ಲ. ಸಿ ಪ್ಲಸ್ ಪ್ಲಸ್ ಪುಟಗಳನ್ನು ಯಂತ್ರದಿಂದಲೇ ತಿರುಗಿಸಿದ್ದು, ಅಲ್ಲಲ್ಲಿ ಹಳೆಯ ಭಾಷೆಯ ತುಣುಕು ಉಳಿದಿದೆ. ನಾನು ಮೂಲ ಪುಟಗಳನ್ನೇ ಓದುತ್ತೇನೆ. ಎರಡು ಚುಕ್ಕಿಗಳ ಜೋಡಿ ಮತ್ತು ಬಾಣದ ಗುರುತು ಕಂಡಲ್ಲಿ ಪೈಥಾನ್‌ನ ಒಂದು ಚುಕ್ಕಿ ಎಂದುಕೊಂಡರೆ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ಡಬ್ಲ್ಯೂಎಕ್ಸ್, ಮತ್ತು ಎಫ್‌ಎಲ್‌ಟಿಕೆ

ಡಬ್ಲ್ಯೂಎಕ್ಸ್‌ವಿಜೆಟ್ಸ್ 1992ರಲ್ಲಿ ಎಡಿನ್‌ಬರೋದಲ್ಲಿ ಜೂಲಿಯನ್ ಸ್ಮಾರ್ಟ್ ಶುರು ಮಾಡಿದ್ದು. ಇದರ ಸ್ವಭಾವ ಬೇರೆ. ತಾನೇ ಬಟನ್ ಬಿಡಿಸುವುದಿಲ್ಲ. ವಿಂಡೋಸ್‌ನಲ್ಲಿ ವಿಂಡೋಸ್‌ನ ಬಟನ್, ಮ್ಯಾಕ್‌ನಲ್ಲಿ ಮ್ಯಾಕ್‌ನದು, ಲಿನಕ್ಸ್‌ನಲ್ಲಿ ಜಿಟಿಕೆಯದು ತಂದು ನಿಲ್ಲಿಸುತ್ತದೆ. ಆದ್ದರಿಂದ ಕನ್ನಡವೂ ಆಯಾ ಕಡೆ ಹೇಗಿದೆಯೋ ಹಾಗೆ, ಅಂದರೆ ಸರಿಯಾಗಿಯೇ ಬರುತ್ತದೆ. ಕಾಲೇಜಿನಲ್ಲಿ ಸಿ ಕಲಿಯಲು ಕೋಡ್‌ಬ್ಲಾಕ್ಸ್ ಬಳಸಿದವರು ಇದನ್ನು ಕಂಡೇ ಇದ್ದೀರಿ. ಫೈಲ್‌ಜಿಲ್ಲಾ, ಆಡಾಸಿಟಿ ಕೂಡ ಇದರ ಮೇಲೆ ಬೆಳೆದವು.

ಇದನ್ನು ಪೈಥಾನ್‌ನಿಂದ ಬಳಸಲು ಇರುವ ಡಬ್ಲ್ಯೂಎಕ್ಸ್‌ಪೈಥಾನ್‌ನ ಡೆಮೊ ಪ್ರೋಗ್ರಾಂ ಕಲಿಯುವವರಿಗೆ ಬಹಳ ಒಳ್ಳೆಯದು. ಉದಾಹರಣೆಯ ಕೋಡ್ ಅನ್ನು ಅಲ್ಲೇ ತಿದ್ದಿ, ಅಲ್ಲೇ ಓಡಿಸಿ ನೋಡಬಹುದು. ಉಲ್ಲೇಖ ಪುಟಗಳು ಒಣಗಿದಂತಿವೆ, ಹೆಸರು ಗೊತ್ತಿದ್ದರೆ ಮಾತ್ರ ಉಪಯೋಗ. ಲಿನಕ್ಸ್‌ನಲ್ಲಿ ಪೈಥಾನ್ ಪ್ಯಾಕೇಜ್ ತರುವ ಪಿಪ್‌ನಿಂದ ಹಾಕಲು ಹೋದರೆ ಸೋರ್ಸ್‌ನಿಂದ ಕಟ್ಟಲು ಶುರುಮಾಡಿ ಬಹಳ ಹೊತ್ತು ಹಿಡಿಯುತ್ತದೆ. ಉಬುಂಟುನವರು ಉಬುಂಟುವೇ ಕೊಡುವ ಪ್ಯಾಕೇಜನ್ನೇ ತೆಗೆದುಕೊಳ್ಳಿ. ಹಳೆಯ ವಿಂಡೋಸ್ ಕಂಪ್ಯೂಟರ್, ಉಳಿದ ಪ್ರೋಗ್ರಾಂಗಳಂತೆಯೇ ಕಾಣುವ ಕಿಟಕಿ ಬೇಕು ಎನ್ನುವವರಿಗೆ ಇದು ಹೊಂದುತ್ತದೆ.

ಎಫ್‌ಎಲ್‌ಟಿಕೆ ಎಂಬ ಇನ್ನೊಂದು ಟೂಲ್‌ಕಿಟ್ ತುಂಬ ಚಿಕ್ಕದು, ಸಿ ಪ್ಲಸ್ ಪ್ಲಸ್ ಬಲ್ಲವರಿಗೆ. 2024ರ 1.4 ಆವೃತ್ತಿಯಿಂದ ಲಿನಕ್ಸ್‌ನಲ್ಲಿ ಪ್ಯಾಂಗೊ ಸೇರಿಸಿ ಕಟ್ಟಿಕೊಳ್ಳಬಹುದು. ಅದಕ್ಕಿಂತ ಹಳೆಯದರಲ್ಲಿ ಕನ್ನಡ ಬೇಡ.

ಕಲಿಯುತ್ತಾ ಬರೆದಿಡುವುದು

ಇವುಗಳಲ್ಲಿ ಯಾವುದನ್ನು ಹಿಡಿದರೂ ಒಂದು ಕಡತ ತೆರೆದು ಕನ್ನಡದಲ್ಲಿ ಬರೆದಿಡಿ ಎಂದು ಕೇಳಿಕೊಳ್ಳುತ್ತೇನೆ. ಸಿಕ್ಕಿಹಾಕಿಕೊಂಡ ದಿನವೇ ಬರೆಯಬೇಕು. ಒಂದು ತಿಂಗಳಾದರೆ ಯಾವುದು ಕಷ್ಟವಾಗಿತ್ತು ಎಂಬುದೇ ಮರೆತುಹೋಗುತ್ತದೆ. ಟೂಲ್‌ಕಿಟ್ ಮಾಡಿದವರಿಗೆ ಬರೆಯಲಾಗದ ಪಾಠ ಅದು, ಯಾಕೆಂದರೆ ಅವರು ಆ ಜಾಗದಲ್ಲಿ ಎಡವಿಯೇ ಇಲ್ಲ.

ಹೇಗೆ ಬರೆಯುವುದು ಎಂಬುದರಲ್ಲೂ ಆಯ್ಕೆ ಇದೆ. ಉಲ್ಲೇಖ ಪುಟಗಳನ್ನು ಸಾಲು ಸಾಲಾಗಿ ಕನ್ನಡಕ್ಕೆ ತರಲು ನಾನೂ ಕುಳಿತಿದ್ದೆ, ಎರಡು ಪುಟಕ್ಕೆ ನಿಂತಿತು. ಆವೃತ್ತಿ ಬದಲಾದರೆ ಅದು ಹಳಸುತ್ತದೆ, ಓದುವವರೂ ಕಡಿಮೆ. ಚಿಕ್ಕ ಪಾಠ ಬರೆಯಿರಿ. ಒಂದು ಕೆಲಸ, ಪೂರ್ತಿ ಓಡುವ ಕೋಡ್, ಒಂದು ಚಿತ್ರ, ಮೇಲೆ ಆವೃತ್ತಿಯ ಸಂಖ್ಯೆ. ಕ್ಲಾಸ್, ಫಂಕ್ಷನ್ ಹೆಸರುಗಳನ್ನು ಹಾಗೇ ಬಿಡಿ. ವಿಜೆಟ್‌ಗೆ ಹೊಸ ಪದ ಹುಡುಕುವುದಕ್ಕಿಂತ ಅದು ಏನು ಮಾಡುತ್ತದೆ ಎಂದು ನಮ್ಮ ಮಾತಲ್ಲಿ ಹೇಳುವುದು ಮೇಲು.

ಕ್ಯೂಟಿಯ ಸಿಗ್ನಲ್, ಸ್ಲಾಟ್ ನನಗೆ ಇಂಗ್ಲಿಷ್‌ನಲ್ಲಿ ನಾಲ್ಕು ಸಲ ಓದಿದರೂ ಹಿಡಿತಕ್ಕೆ ಸಿಕ್ಕಿರಲಿಲ್ಲ. ಗಂಜ್‌ನಲ್ಲಿ ನಿಂತಾಗ ಹೊಳೆಯಿತು. ಹರಾಜು ಮುಗಿಯಿತು ಎಂದು ಒಬ್ಬರು ಕೂಗುತ್ತಾರೆ. ಹಮಾಲರು ಚೀಲಕ್ಕೆ ಕೈ ಹಾಕುತ್ತಾರೆ, ಮುನೀಮರು ಪಟ್ಟಿ ತೆಗೆಯುತ್ತಾರೆ, ರೈತ ಗಾದಿಯ ಕಡೆ ಬರುತ್ತಾನೆ. ಕೂಗಿದವರಿಗೆ ಯಾರು ಯಾರು ಕೇಳಿಸಿಕೊಂಡರು ಎಂದು ಗೊತ್ತಿರಬೇಕಿಲ್ಲ. ಕೂಗು ಸಿಗ್ನಲ್, ಒಬ್ಬೊಬ್ಬರ ಕೆಲಸವೂ ಸ್ಲಾಟ್. ಯಾರು ಯಾವ ಕೂಗಿಗೆ ಕಿವಿಕೊಡಬೇಕು ಎಂದು ಮೊದಲೇ ಹೇಳಿಡುವುದೇ ಕನೆಕ್ಟ್. ಇದನ್ನೇ ನನ್ನ ಕಡತದಲ್ಲಿ ಬರೆದಿಟ್ಟೆ. ಆಮೇಲೆ ಬೀದರ್‌ನಲ್ಲಿ ಓದುವ ನನ್ನ ಮಾವನ ಮಗಳಿಗೆ ಕಳಿಸಿದೆ, ಅವಳು ಅದೇ ಸಂಜೆ ತನ್ನ ಮೊದಲ ಕಿಟಕಿ ಮಾಡಿದಳು.

ಹಾಗಾದರೆ ಯಾವುದು?

ಈಗಷ್ಟೇ ಪೈಥಾನ್ ಕಲಿತಿದ್ದರೆ ಟಿಕಿಂಟರ್, ಒಂದೇ ವಾರ, ಇಂಗ್ಲಿಷ್ ಅಕ್ಷರಗಳಲ್ಲೇ. ಕನ್ನಡದಲ್ಲಿ ತೋರಿಸಿ ಮುದ್ರಿಸಬೇಕಾದ ನಿಜವಾದ ಕೆಲಸ ಇದ್ದರೆ ಪೈಸೈಡ್6. ಲಿನಕ್ಸ್ ಮಾತ್ರ ಬಳಸುತ್ತೀರಿ, ಮುಂದೆ ಓಪನ್ ಸೋರ್ಸ್ ಯೋಜನೆಯೊಂದಕ್ಕೆ ಕೈಜೋಡಿಸುವ ಆಸೆ ಇದೆ ಎಂದಾದರೆ ಜಿಟಿಕೆ 4. ಅಲ್ಲಿ ಒಂದು ಟಿಪ್ಪಣಿಯ ತಪ್ಪು ತಿದ್ದುವುದೂ ಕೋಡ್ ತಿದ್ದಿದಷ್ಟೇ ತೂಕದ ಕೆಲಸ. ಹಳೆಯ ವಿಂಡೋಸ್‌ಗೆ ಡಬ್ಲ್ಯೂಎಕ್ಸ್‌ಪೈಥಾನ್.

ಅಂಗಡಿಯಲ್ಲಿ ಹಾಕುವ ಮುಂಚೆ ಫಾಂಟ್ ನೋಡಿಕೊಳ್ಳಿ. ವಿಂಡೋಸ್ 8 ಮತ್ತು ಅದರ ನಂತರದವುಗಳಲ್ಲಿ ನಿರ್ಮಲಾ ಯುಐ ಇರುತ್ತದೆ, ಹಳೆಯದರಲ್ಲಿ ತುಂಗಾ. ಉಬುಂಟುನಲ್ಲಿ ನೋಟೊ ಸ್ಯಾನ್ಸ್ ಕನ್ನಡ, ಗುಬ್ಬಿ ಅಥವಾ ನವಿಲು ಹಾಕಿಕೊಳ್ಳಬಹುದು. ಹಳೆಯ ಲೆಕ್ಕದ ಕಡತಗಳು ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿ. ಆ ಕೆಲಸವನ್ನು ಯಾವ ಟೂಲ್‌ಕಿಟ್ಟೂ ಮಾಡಿಕೊಡುವುದಿಲ್ಲ. ಕಾಕಾನ ಅಂಗಡಿಯಲ್ಲಿ ನನಗೆ ಅದಕ್ಕೇ ಎರಡು ಭಾನುವಾರ ಬೇಕಾದವು.